ಕಲ್ಲಿನ ಮೇಲೆ ಕೂತವನು

"ಮನೇಲಿ ಯಾರೂ ಇಲ್ಲ!" ಅಂತ ಒಳಗಿನಿಂದ ಕೂಗು ಬಂತು.

"ಇಲ್ಲದೆ ಇರೋರು ಮಾತಾಡೋದನ್ನ ಇವತ್ತೇ ಕೇಳ್ತಿರೋದು" ಅಂದ ವೆಲ್ಕೊ. ಮತ್ತೆ ಬಾಗಿಲು ಬಡಿದ.

ಗಾಳಿ ಬೆಟ್ಟದ ಕಡೆಯಿಂದ ಬೀಸುತ್ತಿತ್ತು. ಮಳೆ ಅನ್ನಲು ಗಟ್ಟಿ, ಹಿಮ ಅನ್ನಲು ತೆಳು, ಎರಡರ ನಡುವಿನ ದರಿದ್ರ ಹನಿ ಮುಖಕ್ಕೆ ರಾಚುತ್ತಿತ್ತು. ಹೊದ್ದ ಕಂಬಳಿ ತೊಯ್ದು ಭುಜಕ್ಕೆ ಅಂಟಿಕೊಂಡಿತ್ತು. ಕೈಯಲ್ಲಿ ತಳವಾರಿಕೆಯ ಬಿಳಿ ಕೋಲು. ಆ ಕೋಲು ಕಂಡರೆ ಬೆಲಿನ್ಯ ನಾಡಿನಲ್ಲಿ ನಾಯಿ ಕೂಡ ಬೊಗಳದೆ ಹಿತ್ತಲಿಗೆ ಹೋಗುತ್ತದೆ. ತಳವಾರ ಬಂದನೆಂದರೆ ಕರೆ ಬಂತೆಂದೇ ಲೆಕ್ಕ. ಪಂಚಾಯ್ತಿಗೆ ಬಾ, ಕೋಟೆಗೆ ಬಾ, ಇಲ್ಲವೇ ನೇಣಿಗೆ ಬಾ. ಒಳ್ಳೆಯ ಸುದ್ದಿ ಹೇಳಲು ತಳವಾರನನ್ನು ಕಳಿಸುವ ದೊರೆ ಇನ್ನೂ ಹುಟ್ಟಬೇಕಷ್ಟೆ.

ಬಾಗಿಲು ಒಂದು ಗೇಣು ತೆರೆಯಿತು. ಸೊಸೆ ಯೇರಾ ನಿಂತಿದ್ದಳು. ಕೈ ತುಂಬ ರೊಟ್ಟಿಯ ಹಿಟ್ಟು.

"ಮಾವ ಮಲಗಿದಾರೆ ತಳವಾರಣ್ಣ. ಜ್ವರ."

ಒಳಗೆ ಕೊಡಲಿ ಮಸೆಯುವ ಸದ್ದು ಕೇಳುತ್ತಿತ್ತು.

"ಜ್ವರದಲ್ಲಿ ಕೊಡಲಿ ಮಸೀತಾರೇನಮ್ಮ?"

"ಅವರ ಜ್ವರಾನೇ ಅಂಥದ್ದು" ಅಂದಳು ಹುಡುಗಿ, ಬಂದ ನಗುವನ್ನು ತಡೆಯುತ್ತ.

"ಬಿಡೇ ಒಳಗೆ" ಅಂತ ಮುದುಕನ ದನಿ ಗುಡುಗಿತು. "ಹೊಸ್ತಿಲಲ್ಲಿ ತಳವಾರ ನಿಂತಿದ್ರೆ ಊರೆಲ್ಲ ನೋಡುತ್ತೆ. ಅದಕ್ಕಿಂತ ಒಳಗೆ ಬಂದು ಸಾಯ್ಲಿ."

ಇದು ವೆಲ್ಕೊಗೆ ಸಿಕ್ಕ ಸ್ವಾಗತ. ಇದಕ್ಕಿಂತ ಕೆಟ್ಟ ಸ್ವಾಗತಗಳನ್ನು ಕಂಡಿದ್ದ ಅವನಿಗೆ ಇದು ಮರ್ಯಾದೆಯದೇ ಅನ್ನಿಸಿತು. ಕೋಲನ್ನು ಹೊರಗೋಡೆಗೆ ಒರಗಿಸಿ ಒಳಗೆ ಕಾಲಿಟ್ಟ.

ನಾಡಿದ್ದು ಬೆಳಿಗ್ಗೆ ಬೆಂಕಿಮನೆಯ ತೋಲಿಮಿರನನ್ನು ಕೋಟೆಯ ಮುಂದೆ ನೇಣಿಗೆ ಹಾಕುತ್ತಾರೆ. ಹಳೆಯ ದೊರೆಮನೆತನದ ಕೊನೆಯ ಕುಡಿ ಗೊರಿಸ್ಲಾವನನ್ನು ಹುಲ್ಲಿನ ಕೊಟ್ಟಿಗೆಯಲ್ಲಿ ಸುಟ್ಟು ಕೊಂದನೆಂಬುದು ಅವನ ಮೇಲಿನ ಆಪಾದನೆ. ಅದು ಸುಳ್ಳೆಂದು ಹೇಳಬಲ್ಲ ಬಾಯಿ ಇಡೀ ನಾಡಿಗೆ ಒಂದೇ, ಅದು ಇರುವುದು ಈ ಕಲ್ಲುಮನೆಯಲ್ಲಿ.

ತೋಲಿಮಿರ ಸತ್ತರೆ ನಾಡಿಗೇನೂ ನಷ್ಟವಿಲ್ಲ. ಬೆಂಕಿಮನೆಯವರನ್ನು ಮದುವೆಗೆ ಕರೆಯುವವರಿಲ್ಲ, ಮಗುವಿನ ನಾಮಕರಣಕ್ಕಂತೂ ಕೇಳಲೇಬೇಡಿ. ಆದರೆ ವೆಲ್ಕೊಗೆ ಆ ಮನುಷ್ಯನೊಬ್ಬನೇ ಇಷ್ಟು ವರ್ಷಗಳಲ್ಲಿ ಬಾಗಿಲು ತೆರೆದು "ಬಾರಯ್ಯ, ಕೂತ್ಕೋ" ಅಂದವನು. ಹೆಂಡತಿ ಸತ್ತ ಮೇಲೆ ವೆಲ್ಕೊ ಯಾರ ಜೊತೆಗಾದರೂ ಕೂತು ಗಂಜಿ ಕುಡಿದಿದ್ದರೆ ಅದು ಬೆಂಕಿಮನೆಯ ಒಲೆಯ ಮುಂದೆ. ಊರು ದೂರ ಇಟ್ಟ ಇಬ್ಬರು ಮಾತೂ ಆಡದೆ ಒಂದೇ ಒಲೆಗೆ ಕಾಲು ಚಾಚಿಕೊಂಡು ಕೂರುತ್ತಿದ್ದರು. ನಾಡಿದ್ದಿನಿಂದ ಆ ಒಲೆಯೂ ಇಲ್ಲ.

ಕಲ್ಲುಮನೆಯ ಯಜಮಾನ ದೊಮೊಸ್ ಒಲೆಯ ಪಕ್ಕ ಕೂತು ಕೊಡಲಿ ಮಸೆಯುತ್ತಲೇ ಇದ್ದ. ತಲೆ ಎತ್ತಲಿಲ್ಲ. ಕೂರು ಅನ್ನಲೂ ಇಲ್ಲ.

"ಯಜಮಾನ್ರೇ, ಒಂದೇ ಒಂದು ಮಾತು ಕೇಳಿ ಹೋಗ್ತೀನಿ" ಅಂದ ವೆಲ್ಕೊ. "ಆ ದಿನ ಹೊಗೆ ಎದ್ದಿದ್ದು ಮೊದಲೋ, ದೊರೆ ಕಲ್ಲಿನ ಮೇಲೆ ಕೂತಿದ್ದು ಮೊದಲೋ?"

"ಗೊತ್ತಿಲ್ಲ."

"ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?"

"ಕೋಟೆಯ ಇಬ್ಬರು ಕಾವಲುಗಾರರು ಆಣೆ ಮಾಡಿ ಹೇಳಿದಾರಲ್ಲ, ಹೊಗೆ ಮೊದಲು ಅಂತ. ಅವರನ್ನ ಕೇಳ್ಕೋ ಹೋಗು."

ವೆಲ್ಕೊಗೆ ಸಿಟ್ಟು ನೆತ್ತಿಗೇರಿತು, ನುಂಗಿಕೊಂಡ. ನಾಡಿನ ಪಟ್ಟದ ಶಾಸ್ತ್ರ ಹೀಗಿದೆ: ಹೊಸ ದೊರೆ ಬೂದು ಉಣ್ಣೆಯ ಬಡವನ ಕೋಟು ತೊಟ್ಟು, ಹೋರಿಯ ಹಗ್ಗ ಹಿಡಿದು ಬಯಲಿನ ಕಲ್ಲಿನ ಹತ್ತಿರ ಬರಬೇಕು. ಕಲ್ಲಿನ ಮೇಲೆ ಕಲ್ಲುಮನೆಯ ಯಜಮಾನ ಕೂತಿರುತ್ತಾನೆ. ಇವನು ಯಾರು, ನ್ಯಾಯವಂತನೋ, ಯಾರ ಆಳೂ ಅಲ್ಲ ತಾನೆ, ನನ್ನನ್ನು ಎಬ್ಬಿಸಲು ಇವನಿಗೇನು ಹಕ್ಕು ಅಂತ ವಿಚಾರಿಸುತ್ತಾನೆ. ಉತ್ತರ ಒಪ್ಪಿಗೆಯಾದರೆ ದೊರೆಯ ಕೆನ್ನೆಗೆ ಮೆಲ್ಲನೆ ಒಂದು ಏಟು ಕೊಟ್ಟು ಎದ್ದು ಜಾಗ ಬಿಡುತ್ತಾನೆ. ಆ ಗಳಿಗೆಯಿಂದ ಹೊತ್ತು ಮುಳುಗುವವರೆಗೆ ನಾಡಿನಲ್ಲಿ ಬೆಂಕಿಮನೆಯವರಿಗೆ ಬೆಂಕಿ ಹಚ್ಚುವ ಹಕ್ಕು. ಯಾವುದಾದರೂ ಒಂದು ಹಳೆಯ ಕೊಟ್ಟಿಗೆಗೆ ಹಚ್ಚಿ ಶಾಸ್ತ್ರ ಮುಗಿಸುತ್ತಾರೆ. ಹಕ್ಕಿನ ಬೆಂಕಿಯಲ್ಲಿ ಏನು ಸುಟ್ಟರೂ, ಯಾರು ಸತ್ತರೂ ಹಚ್ಚಿದವನಿಗೆ ದೋಷವಿಲ್ಲ. ಒಂದು ಉಸಿರು ಮೊದಲೇ ಹಚ್ಚಿದ್ದರೆ ಮಾತ್ರ ಅದು ಕೊಲೆ.

ಇಷ್ಟೆಲ್ಲ ನಡೆಯುವಾಗ ಜನರೆಲ್ಲ ನೆಲ ನೋಡುತ್ತ ನಿಂತಿರುತ್ತಾರೆ. ಬೂದು ಬಟ್ಟೆಯ ದೊರೆಯ ಮುಖ ನೋಡಿದರೆ ಕಣ್ಣಿಗೆ ಪೊರೆ ಬರುತ್ತದೆ ಅಂತ ನಾಡೇ ನಂಬಿದೆ. ಅವನು ಇಗರ್ಜಿಯೊಳಗೆ ಹೋಗಿ, ಕೆಂಪು ನಿಲುವಂಗಿ ತೊಟ್ಟು ಹೊರಗೆ ಬಂದ ಮೇಲೆಯೇ ತಲೆ ಎತ್ತುವುದು. ತಲೆ ಎತ್ತಿಕೊಂಡು ಇರುವವನು ದೊಮೊಸ್ ಒಬ್ಬನೇ. ಅದೂ ಕೊಟ್ಟಿಗೆಯ ದಿಕ್ಕಿಗೇ ಮುಖ ಮಾಡಿ.

"ಎಲ್ಲರೂ ನೆಲ ನೋಡ್ತಿದ್ರು ಯಜಮಾನ್ರೇ. ನೀವೊಬ್ರೇ ಆಕಾಶ ನೋಡ್ತಿದ್ರಿ" ಅಂದ ವೆಲ್ಕೊ. "ಕಲ್ಲಿನ ಮೇಲೆ ಕೈಯಿಟ್ಟು ನೀವೊಂದು ಮಾತು ಹೇಳಿದ್ರೆ ತೋಲಿಮಿರ ಬದುಕ್ಕೊಳ್ತಾನೆ."

"ಹೊಗೆ ನೋಡ್ಲಿಲ್ಲ. ಕಣ್ಣಿಗೆ ಬಿಸಿಲು ಹೊಡೀತಿತ್ತು."

"ಆವತ್ತು ಮೋಡ ಇತ್ತು."

ದೊಮೊಸ್ ಕೊಡಲಿಯನ್ನು ನೆಲಕ್ಕೆ ಕುಕ್ಕಿ ಎದ್ದ. "ಸೌದೆ ತರ್ಬೇಕು" ಅಂತ ಗೊಣಗಿ ಹಿಂಬಾಗಿಲಿನಿಂದ ಹೊರಟೇ ಹೋದ.

ಯೇರಾ ಹಿಟ್ಟು ನಾದುವುದನ್ನು ನಿಲ್ಲಿಸಿ ತಳವಾರನನ್ನು ನೋಡಿದಳು. ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಕಂಬಳಿಯಿಂದ ನೀರು ತೊಟ್ಟಿಕ್ಕಿ ಕಾಲ ಬುಡದಲ್ಲಿ ಮಡುಗಟ್ಟಿತ್ತು.

"ಅಯ್ಯೋ, ಹೀಗೇ ನಿಂತಿದ್ರೆ ನಿಮ್ಮ ಸ್ನೇಹಿತನಿಗಿಂತ ಮೊದಲು ನೀವೇ ಹೋಗಿಬಿಡ್ತೀರ. ಅದನ್ನ ತೆಗೀರಿ ಈ ಕಡೆ."

ಗೂಟದಲ್ಲಿದ್ದ ಒಂದು ಕೋಟನ್ನು ತಂದು ಅವನ ಹೆಗಲ ಮೇಲೆ ಹಾಕಿದಳು. ತೋಳು ತೂರಿಸಿಕೊಳ್ಳಲು ಹಿಂದಿನಿಂದ ಹಿಡಿದುಕೊಟ್ಟಳು. ಹಿಟ್ಟಿನ ಕೈಯಲ್ಲೇ ಕತ್ತಿನ ಪಟ್ಟಿಯನ್ನೂ ಸರಿಮಾಡಿದಳು.

ಹೆಂಡತಿ ಹೋದ ಮೇಲೆ ವೆಲ್ಕೊನ ಮೈಮೇಲೆ ಇನ್ನೊಬ್ಬರ ಕೈ ಬಿದ್ದದ್ದು ಇದೇ ಮೊದಲು. ಹೊಡೆದವರ ಕೈಗಳನ್ನು ಬಿಟ್ಟು ಹೇಳುತ್ತಿದ್ದೇನೆ, ಅವು ಬೇಕಾದಷ್ಟಿವೆ. ಅಳು ಬಂದೀತೆಂದು ಹೆದರಿ ಅವನು ಒಲೆಯ ಕಡೆ ಮುಖ ತಿರುಗಿಸಿಕೊಂಡ.

"ಯಾರದಮ್ಮ ಇದು? ನಿನ್ನ ಗಂಡಂದಾ?"

"ಅವರದಾಗಿದ್ರೆ ನಿಮಗೆ ಎಲ್ಲಿ ಕೊಡ್ತಿದ್ದೆ!" ಯೇರಾ ನಕ್ಕಳು. "ದೊರೆಗಳದು. ಶಾಸ್ತ್ರದ ಕೋಟು, ಶಾಸ್ತ್ರ ಮುಗಿದ್ಮೇಲೆ ಕಲ್ಲುಮನೆಗೇ ಸೇರಬೇಕಲ್ಲ. ಸುಮ್ನೆ ನೇತಾಡ್ತಿದೆ, ಮಾವ ಮುಟ್ಟೋದೂ ಇಲ್ಲ. ನೋಡಿ, ನಿಮಗೇ ಅಳತೆ ತಗೊಂಡು ಹೊಲಿಸಿದ ಹಾಗಿದೆ. ನೀವೇ ದೊರೆ ಆಗಬಹುದಿತ್ತು ತಳವಾರಣ್ಣ."

ವೆಲ್ಕೊ ಕೂಡ ನಕ್ಕ. ತೋಳು ಚಾಚಿ ನೋಡಿಕೊಂಡ. ಕೋಟಿನ ತೋಳು ಸರಿಯಾಗಿ ಅವನ ಮಣಿಕಟ್ಟಿಗೆ ಬಂದು ನಿಂತಿತ್ತು. ಹೆಗಲ ಹೊಲಿಗೆ ಹೆಗಲ ಮೇಲೇ ಕೂತಿತ್ತು.

ನಗು ಅಲ್ಲಿಗೇ ನಿಂತಿತು.

ಯಾಕೆಂದರೆ ವೆಲ್ಕೊ ಕುಳ್ಳ. ಕುಳ್ಳ ಅಂದರೆ ಊರ ಹುಡುಗಿಯರು ಹಾಡು ಕಟ್ಟಿ ಆಡಿಕೊಳ್ಳುವಷ್ಟು ಕುಳ್ಳ. ಹೊಸ ದೊರೆ ಲ್ಯುತೊಮಿರನೋ, ಇಗರ್ಜಿಯ ಬಾಗಿಲಲ್ಲೂ ತಲೆ ತಗ್ಗಿಸಿಕೊಂಡೇ ನುಗ್ಗುವ ಆಳು. ಈ ಕೋಟಿನೊಳಗೆ ಅವನ ಒಂದು ತೋಳನ್ನು ತೂರಿಸಿದರೂ ಬೆನ್ನು ಹರಿದು ಎರಡು ಪಾಲಾಗುತ್ತದೆ.

ಹಿಂಬಾಗಿಲು ಕಿರುಗುಟ್ಟಿತು. ದೊಮೊಸ್ ಸೌದೆಯ ಹೊರೆ ಹಿಡಿದು ನಿಂತಿದ್ದ. ತಳವಾರನ ಮೈಮೇಲಿನ ಕೋಟನ್ನು ನೋಡಿದ, ತಳವಾರನ ಮುಖ ನೋಡಿದ. ಒಂದು ಕೊರಡು ಜಾರಿ ನೆಲಕ್ಕೆ ಬಿತ್ತು.

"ಬಿಚ್ಚು ಅದನ್ನ."

"ನಾನೇ ಕೊಟ್ಟೆ ಮಾವ, ಪಾಪ ನಡುಗ್ತಿದ್ರು…"

"ಯೇರಾ, ಹಸು ಕರೀಬೇಕು. ಹೋಗು."

"ಇನ್ನೂ ಹೊತ್ತಿದೆ."

"ಹೋಗು ಅಂದೆನಲ್ಲ!"

ಹುಡುಗಿ ಮುಖ ಊದಿಸಿಕೊಂಡು ಹಾಲಿನ ಬಕೆಟ್ಟು ಎತ್ತಿಕೊಂಡಳು. ಹೋಗುವಾಗ "ಹಸುವಿಗೇ ಬುದ್ಧಿ ಹೇಳ್ತೀನಿ, ಕೇಳಿಸ್ಕೊಳ್ಳೋದು ಅದೊಂದೇ ಈ ಮನೇಲಿ" ಅಂತ ಇಬ್ಬರಿಗೂ ಕೇಳುವಂತೆ ಗೊಣಗಿದಳು. ಬಾಗಿಲು ಧಡ್ ಅಂತ ಮುಚ್ಚಿತು.

"ಉಣ್ಣೆ ನೆನೆದ್ರೆ ಕುಗ್ಗುತ್ತೆ" ಅಂದ ದೊಮೊಸ್. ಇನ್ನೂ ಯಾರೂ ಏನೂ ಕೇಳಿರಲಿಲ್ಲ.

"ಒಗೆದಿದೀರಾ ಇದನ್ನ?"

"ಒಗೆದ್ವಿ."

"ದೊರೆ ಕೋಟು ಒಗೆಯಬಾರದು ಅನ್ನೋದು ನಿಮ್ಮ ಮನೆತನದ್ದೇ ಕಟ್ಟಲೆ ಅಲ್ವಾ? ಮುಂದಿನ ದೊರೆ ಬರೋವರೆಗೆ ಹಾಗೇ ಇರಬೇಕು." ವೆಲ್ಕೊ ಎದೆಯ ಹತ್ತಿರದ ಒಣಗಿದ ಕಲೆಯೊಂದನ್ನು ಬೆರಳಿನಿಂದ ತೋರಿಸಿದ. "ಹೋರಿ ಜೊಲ್ಲು ಸುರಿಸಿದ್ದು ಇನ್ನೂ ಇಲ್ಲೇ ಇದೆ ನೋಡಿ."

ದೊಮೊಸ್ ಸೌದೆಯನ್ನೆಲ್ಲ ಕೆಳಗೆ ಹಾಕಿ ಬೆಂಚಿನ ಮೇಲೆ ಕುಸಿದ.

"ನೀನು ತಳವಾರ ಆಗಿದ್ದೇ ತಪ್ಪು ಕಣಯ್ಯ. ದರ್ಜಿ ಆಗ್ಬೇಕಿತ್ತು."

"ಆವತ್ತು ಕಲ್ಲಿನ ಮೇಲೆ ಕೂತವನು ಲ್ಯುತೊಮಿರ ಅಲ್ಲ."

ಮುದುಕ ತಲೆ ತಗ್ಗಿಸಿ ಕೊರಡೊಂದನ್ನು ಎತ್ತಿ ಒಲೆಗೆ ತುರುಕಿದ. ಒಲೆಯೊಳಗೆ ಹಸಿ ಸೌದೆ ಸುಂಯ್ಗುಟ್ಟುತ್ತಿತ್ತು.

ಇಲ್ಲಿಯವರೆಗೆ ವೆಲ್ಕೊನ ಎದೆ ಗೆದ್ದ ಖುಷಿಯಲ್ಲಿ ಹೊಡೆದುಕೊಳ್ಳುತ್ತಿತ್ತು. ಈಗ ತಣ್ಣಗಾಯಿತು. ಲ್ಯುತೊಮಿರ ಕೂರಲೇ ಇಲ್ಲವೆಂದರೆ ಅಂದು ನಾಡಿಗೆ ದೊರೆಯೇ ಇರಲಿಲ್ಲ. ದೊರೆ ಇಲ್ಲವೆಂದರೆ ಬೆಂಕಿಯ ಹಕ್ಕೂ ಇಲ್ಲ. ಹೊಗೆ ಮೊದಲೋ ಆಮೇಲೋ ಅನ್ನುವ ಮಾತಿಗೇ ಬೆಲೆಯಿಲ್ಲ, ಯಾವಾಗ ಹಚ್ಚಿದ್ದರೂ ತೋಲಿಮಿರ ಕೊಲೆಗಾರ. ಸ್ನೇಹಿತನನ್ನು ಉಳಿಸಲು ಬಂದು ತಾನೇ ಅವನ ಕತ್ತಿಗೆ ಇನ್ನೊಂದು ಗಂಟು ಬಿಗಿದಂತಾಯಿತು.

ಅವನು ಕೋಟು ಬಿಚ್ಚಿದ. ಗೂಟಕ್ಕೆ ನೇತುಹಾಕಿ, ಒದ್ದೆ ಕಂಬಳಿಯನ್ನು ಮತ್ತೆ ಹೊದ್ದುಕೊಂಡ.

"ನಾನು ಏನೂ ನೋಡ್ಲಿಲ್ಲ ಯಜಮಾನ್ರೇ. ಇಲ್ಲಿಗೆ ಬಂದೇ ಇಲ್ಲ" ಅಂತ ಬಾಗಿಲ ಕಡೆ ನಡೆದ.

"ಯಾಕಯ್ಯ? ಹಿಡಿದವನು ನೀನು, ಓಡಿ ಹೋಗೋನೂ ನೀನೇನಾ?"

"ಹಕ್ಕೇ ಇರಲಿಲ್ಲ ಅಂದ್ಮೇಲೆ ನಿಮ್ಮ ಸಾಕ್ಷಿ ತಗೊಂಡು ನಾನೇನ್ ಮಾಡ್ಲಿ? ನನಗೆ ನ್ಯಾಯ ಬೇಡ, ದೊರೇನೂ ಬೇಡ. ನನಗೆ ಇರೋನು ಅವನೊಬ್ಬ. ಅವನು ಹೋದ್ರೆ ನನ್ನ ಹೆಸರು ಹಿಡಿದು ಕರೆಯೋರು ಈ ನಾಡಲ್ಲಿ ಯಾರೂ ಉಳಿಯಲ್ಲ. 'ತಳವಾರ, ತಳವಾರ' ಅಂತ ಅನ್ನಿಸ್ಕೊಂಡೇ ಸಾಯ್ಬೇಕು."

ಅವನು ಇಷ್ಟು ಮಾತು ಒಟ್ಟಿಗೆ ಆಡಿದ್ದು ಯಾವಾಗಲೋ. ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು. ಕೈ ಅಗಳಿಯ ಮೇಲಿತ್ತು.

"ಅಯ್ಯೋ ಮಂಕೇ" ಅಂದ ದೊಮೊಸ್. ದನಿ ಮೊದಲ ಬಾರಿಗೆ ಮೆತ್ತಗಾಗಿತ್ತು. "ಹಕ್ಕು ಇತ್ತು. ಕಲ್ಲು ಖಾಲಿ ಇರಲಿಲ್ಲ. ಕೂತವನಿಗೆ ಲ್ಯುತೊಮಿರನಿಗಿಂತ ಹೆಚ್ಚು ಹಕ್ಕಿತ್ತು. ಗೊರಿಸ್ಲಾವ ಕೂತಿದ್ದ."

ವೆಲ್ಕೊ ತಿರುಗಿ ನಿಂತ.

"ಸತ್ತ ಗೊರಿಸ್ಲಾವಾ?"

"ಬದುಕಿದ್ದ ಗೊರಿಸ್ಲಾವ. ಹೋರಿ ಹಗ್ಗ ಹಿಡ್ಕೊಂಡು ಬಂದ. ಟೋಪಿ ಕಣ್ಣಿನವರೆಗೆ ಇಳಿಸಿದ್ರು. 'ಇವನು ಯಾರು?' ಅಂತ ಕೇಳ್ದೆ. 'ನಾಡಿನ ದೊರೆ' ಅಂದ್ರು ಜನ, ನೆಲ ನೋಡ್ಕೊಂಡೇ. ನಾನು ತಲೆ ಎತ್ತಿ ನೋಡ್ತೀನಿ, ಬೆಳೆದು ಗಂಡಸಾಗಿದ್ರೂ ನನಗೆ ಆ ಮಗೂನೇ! ಅವನಪ್ಪ ಬೇಟೆಗೆ ಬಂದಾಗೆಲ್ಲ ಇದೇ ಒಲೆ ಮುಂದೆ ಬಿಟ್ಟು ಹೋಗ್ತಿದ್ದ. ನಮ್ಮ ಮನೆ ಸೇಬಿನ ಹಣ್ಣು ತಿಂದು ಬೆಳೆದವನು. ಯಾರ ಆಳೂ ಅಲ್ಲ ತಾನೆ ಅಂತ ಕೇಳಬೇಕಲ್ಲ, ಕೇಳ್ದೆ. 'ಇವತ್ತಿಗೆ ಅಲ್ಲ' ಅಂದ."

ಮುದುಕ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ಕೆನ್ನೆಗೆ ಹೊಡೀಬೇಕು. ಕೈಯೇ ಏಳಲಿಲ್ಲ. ಅವನೇ ಕೆನ್ನೆ ಮುಂದೆ ತಂದ. ಒದ್ದೆಯಾಗಿತ್ತು."

"ಅವನು ಕೂತ್ಮೇಲೆ ಹೊಗೆ ಎದ್ದಿದ್ದಾ?"

"ಕೂತು, ಕತ್ತಿ ಎತ್ತಿ ನಾಲ್ಕೂ ದಿಕ್ಕಿಗೆ ತೋರ್ಸಿದ್ಮೇಲೆ. ಈ ಎರಡು ಕಣ್ಣಲ್ಲಿ ಕಂಡೆ. ನಿನ್ನ ತೋಲಿಮಿರ ಹಕ್ಕಿನ ಗಳಿಗೇಲೇ ಹಚ್ಚಿದಾನೆ, ಒಂದು ಉಸಿರೂ ಮೊದಲಲ್ಲ. ಆಮೇಲೆ ಹುಡುಗನ್ನ ಇಗರ್ಜಿಗೆ ಕರ್ಕೊಂಡು ಹೋದ್ರು. ಒಳಗೆ ಹೋದವನು ಅವನು. ಕೆಂಪು ಹಾಕ್ಕೊಂಡು ಹೊರಗೆ ಬಂದವನು ಲ್ಯುತೊಮಿರ. ಹುಡುಗ ಏನಾದ ಅಂತ ನನ್ನ ಕೇಳ್ಬೇಡ."

ವೆಲ್ಕೊ ಬಂದು ಮುದುಕನ ಎದುರಿಗೇ ಬೆಂಚಿನ ಮೇಲೆ ಕೂತ. ಯಾರೂ ಕೂರು ಅಂದಿರಲಿಲ್ಲ.

"ಕೊಲ್ಲೋಕೆ ಹೆದರದವನು ಕಲ್ಲಿಗೆ ಹೆದರಿದನಾ?"

"ಹೆದರದೆ ಇರ್ತಾನಾ? ಅವನಜ್ಜ ಹಳೇ ದೊರೆಯ ಕುದುರೆಗೆ ಹುಲ್ಲು ಹಾಕ್ತಿದ್ದ. ಅಪ್ಪನಿಗೆ ತ್ರೆಬಿನ್ ಕೋಟೆ ಸಿಕ್ತು. ಇವನಿಗೆ ನಾಡೇ ಸಿಕ್ಕಿದೆ. ಮೂರು ಗಂಡು ಮಕ್ಕಳು, ದೊಡ್ಡವನನ್ನ ಈಗಲೇ ಚಿಕ್ಕ ದೊರೆ ಅಂತ ಕರೆಸ್ತಿದಾನೆ. ಬಾಗಿಲು ಬಾಗಿಲಿಗೂ ಹದ್ದಿನ ಗುರುತು ಕೆತ್ತಿಸ್ತಿದಾನೆ, ಸಾವಿರ ವರ್ಷ ಆಳೋರ ಥರ. ಕಲ್ಲಿನ ಮೇಲೆ ಸುಳ್ಳು ಹೇಳಿದವನ ವಂಶ ಮೊಮ್ಮಕ್ಕಳನ್ನ ಕಾಣಲ್ಲ ಅನ್ನೋ ಮಾತನ್ನ ಅವನೂ ತೊಟ್ಟಿಲಲ್ಲೇ ಕೇಳಿರ್ತಾನಲ್ಲ."

"ಅದಕ್ಕೇ ನಿಜ ಹೇಳಬಲ್ಲವನನ್ನ ಕೂರಿಸಿದ" ಅಂದ ವೆಲ್ಕೊ ನಿಧಾನವಾಗಿ. "ಆಣೆ ಆ ಹುಡುಗಂದು, ಸಿಂಹಾಸನ ಇವನದು. ಕಲ್ಲಿಗೂ ಮೋಸ ಆಗ್ಲಿಲ್ಲ, ವಂಶಕ್ಕೂ ಕೇಡಿಲ್ಲ."

"ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ."

"ಮುರಿದಿದೆ ಯಜಮಾನ್ರೇ. ಇಡೀ ನಾಡಿನ ಮುಂದೆ ಅವನೇ ತನ್ನ ಕೈಯಾರೆ ಗೊರಿಸ್ಲಾವನನ್ನ ದೊರೆ ಮಾಡಿಬಿಟ್ಟಿದಾನೆ." ವೆಲ್ಕೊ ಮುಂದಕ್ಕೆ ಬಾಗಿದ. "ನಾಳೆ ಕಲ್ಲಿನ ಹತ್ರ ಬನ್ನಿ. ಇಷ್ಟನ್ನೇ ಹೇಳಿ."

ದೊಮೊಸ್ ತಲೆಯಾಡಿಸಿದ. ಇಲ್ಲ ಅನ್ನುವಂತೆ, ಮತ್ತೆ ಮತ್ತೆ ಆಡಿಸಿದ.

"ಕಲ್ಲಿನ ಮೇಲೆ ಕೈಯಿಟ್ಟವನು ಕೂತವನ ಹೆಸರಿಂದಲೇ ಶುರು ಮಾಡಬೇಕು. ಆ ಹೆಸರು ನನ್ನ ಬಾಯಿಂದ ಬಂದ ದಿನ ನನ್ನ ಮಗ ಸ್ವೆತಿನ್ ಇರಲ್ಲ. ಅವನು ಕೋಟೇಲಿದಾನೆ ವೆಲ್ಕೊ."

ಹೆಸರು ಹಿಡಿದು ಕರೆದದ್ದನ್ನು ವೆಲ್ಕೊ ಗಮನಿಸದೆ ಇರಲಿಲ್ಲ. ಬೇರೆ ದಿನವಾಗಿದ್ದರೆ ಅದೊಂದನ್ನೇ ನೆನೆಯುತ್ತ ಮನೆಗೆ ನಡೆಯುತ್ತಿದ್ದ.

"ಕೋಟೇಲಿ ಯಾಕಿದಾನೆ?"

"ಆವತ್ತು ಬೆಳಿಗ್ಗೆ ಹೋರೀನ ಸಿಂಗರಿಸೋಕೆ ಅಂತ ಕೋಟೆಗೆ ಹೊಡ್ಕೊಂಡು ಹೋದವನು ಅವನೇ. ಹುಡುಗನಿಗೆ ಬೂದು ಕೋಟು ತೊಡಿಸೋದನ್ನ ಕಂಡಿರ್ತಾನೆ. ಅದಕ್ಕೆ ಇಟ್ಕೊಂಡಿದಾರೆ. 'ಚೆನ್ನಾಗಿದಾನೆ, ದೊರೆಗಳ ಹೋರಿ ನೋಡ್ಕೊಳ್ತಿದಾನೆ, ನೀನು ಬಾಯಿ ಮುಚ್ಕೊಂಡಿದ್ರೆ ಮೊದಲ ಹಿಮಕ್ಕೆ ಕಳಿಸ್ತೀವಿ' ಅಂತ ಹೇಳಿ ಕಳಿಸಿದಾರೆ. ಯೇರಾಗೆ ಇದ್ಯಾವುದೂ ಗೊತ್ತಿಲ್ಲ. ಗಂಡ ಕೋಟೇಲಿ ದೊಡ್ಡ ಕೆಲಸದಲ್ಲಿದಾನೆ ಅಂತ ಬೀಗ್ತಾ ಇದಾಳೆ. ನಿನಗೆ ಒಬ್ಬನೇ ಸ್ನೇಹಿತ. ನನಗೂ ಒಬ್ಬನೇ ಮಗ. ನೀನೇ ತೂಗು."

ವೆಲ್ಕೊ ತೂಗಲು ಹೋಗಲಿಲ್ಲ. ಅಂಥ ತಕ್ಕಡಿ ಯಾರ ಮನೆಯಲ್ಲೂ ಇರುವುದಿಲ್ಲ. ಎದ್ದು ನಿಂತ. ತೋಲಿಮಿರನಿಗೆ ಏನು ಹೇಳುವುದು? ಸಾಕ್ಷಿ ಸಿಕ್ಕಿತು, ಆದರೆ ಆ ಸಾಕ್ಷಿಗೂ ಒಬ್ಬ ಮಗ ಇದ್ದಾನೆ ಅಂತಲೇ? ತೋಲಿಮಿರ ಬಯ್ಯುವುದೂ ಇಲ್ಲ. "ಹೋಗ್ಲಿ ಬಿಡಯ್ಯ" ಅನ್ನುತ್ತಾನೆ. ಅದನ್ನು ಕೇಳಿಸಿಕೊಳ್ಳುವುದೇ ಕಷ್ಟ.

ಆಗ ಒಂದು ಪ್ರಶ್ನೆ, ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ, ಅವನ ತಲೆಗೆ ಬಂತು.

"ಯಜಮಾನ್ರೇ, ಗೊರಿಸ್ಲಾವ ಕಲ್ಲಿನ ಮೇಲೆ ಕೂತಿದ್ದಾಗ ಕೊಟ್ಟಿಗೆ ಉರೀತಿತ್ತು ಅಂದ್ರಿ."

"ಅಂದೆ."

"ಹಾಗಾದ್ರೆ ಕೊಟ್ಟಿಗೇಲಿ ಸುಟ್ಟವನು ಯಾರು?"

ದೊಮೊಸ್ ಹುಬ್ಬು ಗಂಟಿಕ್ಕಿದ. ಇಷ್ಟು ದಿನ ಮಗನ ಚಿಂತೆಯಲ್ಲಿ ಮುದುಕನಿಗೆ ಅದು ಹೊಳೆದೇ ಇರಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ಯಾರೋ ಭಿಕ್ಷುಕ ಇರ್ಬೇಕು. ಬೆಳೆದ ಗಂಡಸು ಅಂತಷ್ಟೇ ಕೇಳಿದೀನಿ. ಬೆರಳಲ್ಲಿ ಗೊರಿಸ್ಲಾವನ ಉಂಗುರ ಇತ್ತಂತಲ್ಲ."

"ಉಂಗುರ ಯಾರ ಬೆರಳಿಗೂ ಹೋಗುತ್ತೆ. ಮುಖ ಗುರುತು ಹತ್ತೋ ಹಾಗಿರಲಿಲ್ಲ. ನಾನೇ ತೊಳೆದು ಬಟ್ಟೆ ಸುತ್ತಿದೆ, ಆ ಕೆಲಸಕ್ಕೆ ಇನ್ಯಾರು ಬರ್ತಾರೆ."

ಹಿಂಬಾಗಿಲು ಧಡಾರನೆ ತೆರೆಯಿತು. ಯೇರಾ ಬಕೆಟ್ಟು ಹಿಡಿದು ಒಳಗೆ ನುಗ್ಗಿದಳು. ಹಾಲು ತುಳುಕಿ ಲಂಗದ ಮೇಲೆ ಚೆಲ್ಲಿತ್ತು. ತಲೆಗೂದಲ ಮೇಲೆ, ಹೆಗಲ ಮೇಲೆ ಬೆಳ್ಳಗೆ ಉದುರಿತ್ತು.

"ಹಿಮ ಮಾವ! ಹಿಮ ಶುರುವಾಯ್ತು! ಬಂದು ನೋಡಿ, ನೆಲ ಆಗಲೇ ಬೆಳ್ಳಗಾಗ್ತಿದೆ!"

ದೊಮೊಸ್ ಎದ್ದು ನಿಂತ. ಬಾಯಿ ಅಳುವವನ ಬಾಯಿಯಂತೆ ನಡುಗಿ, ಕೊನೆಗೆ ನಕ್ಕಿತು.

"ಬಂತೇನೇ? ಬಂತಾ?"

"ಇವತ್ತಲ್ಲದಿದ್ರೆ ನಾಳೆ ಬಂದೇ ಬರ್ತಾರೆ. ಹಂದಿ ಮಾಂಸ ಇಳಿಸಿ ಮಾವ, ಹೊಗೆಗೆ ಕಟ್ಟಿದ್ದು ಸಾಕು. ತಳವಾರಣ್ಣ, ನೀವೂ ಇರಿ. ನನ್ನ ಗಂಡ ಬರ್ತಿದಾರೆ, ಊಟ ಮಾಡ್ಕೊಂಡೇ ಹೋಗಿ."

ಊಟಕ್ಕೆ ಇರಿ! ತಳವಾರನಿಗೆ ಈ ಮಾತು! ವೆಲ್ಕೊಗೆ ಏನು ಹೇಳಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಅಂದ.

"ಹಿಮದಲ್ಲಿ ಕೋಟೆ ಇಳಿಜಾರು ಜಾರುತ್ತೆ ತಂಗಿ. ದಾರಿ ಕಷ್ಟ."

"ಅಯ್ಯೋ, ಅವರಿಗೆ ಇಳಿಜಾರು ಹೊಸದಾ? ಆ ಸೊಟ್ಟ ಕಾಲಲ್ಲೇ ಆಡುಗಳಿಗಿಂತ ಮುಂದೆ ಹತ್ತಿ ಬಿಡ್ತಾರೆ." ಯೇರಾ ಬಾಗಿಲಿನಾಚೆ ನೋಡುತ್ತಲೇ ಮಾತಾಡುತ್ತಿದ್ದಳು. "ಚಿಕ್ಕವರಿದ್ದಾಗ ಮರದ ದಿಮ್ಮಿ ಉರುಳಿ ಬಿತ್ತಂತೆ. ನಮ್ಮತ್ತೆ ಕಟ್ಟು ಹಾಕಿದ್ದು ಸೊಟ್ಟಗೇ ಕೂಡ್ಕೊಂಡುಬಿಡ್ತು. ಆ ನಡಿಗೆ ನನಗೆ ಎಷ್ಟು ದೂರದಿಂದಾದರೂ ಗೊತ್ತಾಗುತ್ತೆ. ಅದನ್ನ ನೋಡೇ ಮೆಚ್ಚಿದ್ದು ಅಂತ ರೇಗಿಸ್ತೀನಿ ಅವರನ್ನ."

ವೆಲ್ಕೊನ ಕೈಗಳಿಗೆ ನೆನಪಾಯಿತು. ಇಗರ್ಜಿಯ ಹಿಂದಿನ ಕಲ್ಲು ಹಾಸು, ತಣ್ಣೀರು, ಒಬ್ಬನೇ ಕೂತು ತೊಳೆದ ಆ ದೇಹ. ಎಡ ಮೊಣಕಾಲಿನ ಕೆಳಗೆ ಮೂಳೆ ಹೊರಕ್ಕೆ ಬಾಗಿತ್ತು, ಹಳೆಯ ಗಂಟು ಬೆರಳಿಗೆ ಸಿಕ್ಕಿತ್ತು. ಬೆಂಕಿಯಲ್ಲಿ ಆದದ್ದಲ್ಲ, ಎಂದೋ ಮುರಿದು ಕೂಡಿದ್ದು. ಕೋಟೆಯವರನ್ನು ಕೇಳಿದ್ದ ಕೂಡ. ಗೊರಿಸ್ಲಾವ ಚಿಕ್ಕಂದಿನಲ್ಲಿ ಕುದುರೆಯಿಂದ ಬಿದ್ದಿದ್ದ ಅಂದಿದ್ದರು. ನಂಬಿದ್ದ.

ಕೇಳಬಾರದು ಅಂದುಕೊಂಡ. ಕೇಳದೆ ಹೊರಟರೆ ನಾಡಿದ್ದು ತೋಲಿಮಿರನ ಕಾಲು ಗಾಳಿಯಲ್ಲಿ ಒದ್ದಾಡುತ್ತದೆ.

"ಯಾವ ಕಾಲು ತಂಗಿ?"

"ಎಡಗಾಲು. ಯಾಕಣ್ಣ?"

ತೋಲಿಮಿರನನ್ನು ಬದುಕಿಸುವ ಮಾತು ಈಗ ವೆಲ್ಕೊನ ನಾಲಿಗೆಯ ತುದಿಯಲ್ಲಿತ್ತು. ಮಗನೇ ಇಲ್ಲದವನನ್ನು ಯಾವ ದೊರೆ ಏನೆಂದು ಹೆದರಿಸಿಯಾನು? ಒಂದೇ ಮಾತು ಹೇಳಿದರೆ ಸಾಕು, ಮುದುಕ ನಾಳೆ ಕಲ್ಲಿನ ಮೇಲೆ ಕೈಯಿಟ್ಟು ಗುಡುಗುತ್ತಾನೆ. ಆದರೆ ಅದನ್ನು ಹೇಳಬೇಕಾದದ್ದು ತನ್ನ ಹೆಗಲಿಗೆ ಕೋಟು ಹೊದಿಸಿದ, ಊಟಕ್ಕೆ ಇರಿ ಅಂದ ಈ ಹುಡುಗಿಯ ಎದುರಿಗೆ. ಅವನು ದೊಮೊಸ್‌ನ ಕಡೆ ತಿರುಗಿದ.

ದೊಮೊಸ್ ಹಂದಿ ಮಾಂಸ ಇಳಿಸಲು ಮೇಲಕ್ಕೆ ಕೈ ಚಾಚಿದ್ದ. ಆ ಕೈ ಹಾಗೇ ನಿಂತಿತ್ತು. ಅವನು ತಳವಾರನ ಕೈಗಳನ್ನೇ ನೋಡುತ್ತಿದ್ದ, ಹೆಣ ತೊಳೆದ ಕೈಗಳನ್ನು.

"ಯಜಮಾನ್ರೇ…" ಅಂತ ವೆಲ್ಕೊ ಬಾಯಿ ತೆರೆದ.

"ಹೇಳ್ಬೇಡ."

ಮುದುಕನ ದನಿ ಎಲ್ಲೋ ಬಾವಿಯ ತಳದಿಂದ ಬಂದಂತಿತ್ತು. ಚಾಚಿದ ಕೈಯನ್ನು ಇಳಿಸಿ, ಗೋಡೆ ಹಿಡಿದುಕೊಂಡ.

"ನಾಳೆ ಬೆಳಿಗ್ಗೆ ಕಲ್ಲಿನ ಹತ್ರ ಬರ್ತೀನಿ. ಕೂತವನ ಹೆಸರು ಹೇಳ್ತೀನಿ, ಇಡೀ ನಾಡಿಗೇ ಕೇಳೋ ಹಾಗೆ ಹೇಳ್ತೀನಿ. ನಿನ್ನ ಸ್ನೇಹಿತ ಬದುಕ್ಕೊಳ್ಳಲಿ. ಆದ್ರೆ ಅದನ್ನ ಮಾತ್ರ ಈಗ ಹೇಳ್ಬೇಡ ವೆಲ್ಕೊ. ಇವತ್ತೊಂದು ದಿನ ಹೇಳ್ಬೇಡ."

ತೆರೆದ ಬಾಗಿಲಿನಿಂದ ಹಿಮ ಒಳಗೆ ಬೀಳುತ್ತಿತ್ತು. ಯೇರಾ ಬಕೆಟ್ಟನ್ನು ಕೆಳಗಿಟ್ಟಳು. ಮಾವನ ಮುಖ ನೋಡಿದಳು, ತಳವಾರನ ಮುಖ ನೋಡಿದಳು.

"ಯಾವುದನ್ನ ಹೇಳ್ಬಾರ್ದು, ಮಾವ?"